ಕಟ್ಟಿಗೆಯ ಆಯ್ಕೆ, ಒಲೆಯ ಎಚ್ಚರ

ಕಳೆದ ಸಂಚಿಕೆಯಲ್ಲಿ ಮನೆಯ ನೀರಿನ ತೊಟ್ಟಿಯ ಶುದ್ಧಿಯನ್ನು ಕುರಿತು ಬರೆದಿದ್ದೆವು. ಅದನ್ನು ಓದಿದ ಕೆಲವರು ತಾಯಂದಿರು, ನೀರಿನ ಮಾತಾಯಿತು, ಇನ್ನು ಬೆಂಕಿಯ ಮಾತನ್ನೂ ಆಡಿರೆಂದು ಬರೆದು ಕೇಳಿದ್ದಾರೆ. ಅವರ ಅಪೇಕ್ಷೆಯಂತೆ ಈ ತಿಂಗಳು ಕಟ್ಟಿಗೆಯನ್ನೂ ಒಲೆಯನ್ನೂ ವಿಷಯವಾಗಿ ಎತ್ತಿಕೊಂಡಿದ್ದೇವೆ.

ಮನೆಮನೆಗೆ ಗ್ಯಾಸ್ ಬಂದಿರುವಾಗ ಕಟ್ಟಿಗೆಯ ಮಾತೇಕೆ ಎಂದು ಪಟ್ಟಣವಾಸಿಗಳಾದ ಬಂಧುಗಳು ಕೇಳಬಹುದು. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದಂದಿನಿಂದ ಹಳ್ಳಿಯ ಬಡ ಮನೆಗಳಿಗೂ ಸಿಲಿಂಡರ್ ತಲುಪಿರುವುದು ನಿಜ. ಆದರೆ ಚಹಾ, ಸಾರು ಗ್ಯಾಸಿನ ಮೇಲಾದರೂ ಬಚ್ಚಲ ಹಂಡೆಯ ಕೆಳಗೆ ಉರಿಯುವುದು ಇಂದಿಗೂ ಕಟ್ಟಿಗೆಯೇ. ಹತ್ತು ಜನರಿಗೆ ಜೋಳದ ರೊಟ್ಟಿ ಸುಡುವ ತಾಯಿ ಹಿತ್ತಿಲ ಒಲೆಯನ್ನು ಬಿಟ್ಟಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಊರುಗಳಿಂದ ಹೊರೆಹೊರೆಯಾಗಿ ಬರುವ ರೊಟ್ಟಿಗಳನ್ನು ಕಂಡವರಿಗೆ, ಅವುಗಳ ಹಿಂದೆ ಎಷ್ಟು ಒಲೆಗಳು ಉರಿದಿರಬೇಕೆಂಬುದನ್ನು ಹೇಳಬೇಕಾಗಿಲ್ಲ. ಮದುವೆ, ಗೃಹಪ್ರವೇಶ, ಪುಣ್ಯಸ್ಮರಣೆಗಳಲ್ಲಂತೂ ಕಟ್ಟಿಗೆಯಿಲ್ಲದೆ ಕೊಪ್ಪರಿಗೆ ಕಾಯುವುದಿಲ್ಲ.

ಕಟ್ಟಿಗೆಯ ಹೊರೆ ಮಾರಿ ಬಂದುದರಲ್ಲಿ ಜಂಗಮದಾಸೋಹ ನಡೆಸಿದ ಮೋಳಿಗೆಯ ಮಾರಯ್ಯನವರನ್ನು ಈ ಸಂದರ್ಭದಲ್ಲಿ ನೆನೆಯದಿರಲು ನಮ್ಮಿಂದಾಗದು. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದವರೆಂದು ಪರಂಪರೆ ಹೇಳುವ ಆ ಶರಣರು ಹಸಿಯ ಕಟ್ಟಿಗೆಯನ್ನು ಒಣಗಿದ್ದೆಂದು ಮಾರಿರಲಾರರು ಎಂಬುದು ನಮ್ಮ ದೃಢವಾದ ನಂಬಿಕೆ! ಈಗಿನ ಕಟ್ಟಿಗೆ ಅಡ್ಡೆಗಳ ವಿಷಯದಲ್ಲಿ ಅಷ್ಟು ದೃಢವಾಗಿ ಹೇಳಲಾರೆವು.

ನಾವೇ ಒಂದು ಶ್ರಾವಣದಲ್ಲಿ ಅಗ್ಗವಾಯಿತೆಂದು ಒಂದು ಚಕ್ಕಡಿ ಜಾಲಿಯ ಕಟ್ಟಿಗೆಯನ್ನು ಇಳಿಸಿಕೊಂಡೆವು. ಒಲೆಗೆ ಹಾಕಿದರೆ ತುದಿಯಲ್ಲಿ ಬುಸುಬುಸು ನೊರೆ. ಮನೆಯವರು ಊದುಗೊಳವಿ ಹಿಡಿದು ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡರೇ ಹೊರತು ಹಂಡೆಯ ನೀರು ಬೆಚ್ಚಗಾಗಲಿಲ್ಲ. ಕಟ್ಟಿಗೆಯನ್ನು ತೂಕದ ಮೇಲೆ ಕೊಳ್ಳುವ ನಾವು ಅಂದು ನೀರನ್ನು ತೂಗಿಸಿಕೊಂಡು ಬಂದಿದ್ದೆವು. ಲೆಕ್ಕ ಮಾಡಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಆಗತಾನೆ ಕಡಿದ ಮರದ ತೂಕದಲ್ಲಿ 40 ಭಾಗವೋ ಅದಕ್ಕಿಂತ ಹೆಚ್ಚೋ ನೀರೇ ಇರುತ್ತದೆ; ಚೆನ್ನಾಗಿ ಒಣಗಿದ ಕಟ್ಟಿಗೆಯಲ್ಲಿ 15ರಿಂದ 20 ಭಾಗ. ಎಂದರೆ ಒಂದು ಕ್ವಿಂಟಲ್ ಹಸಿ ಕಟ್ಟಿಗೆಯಲ್ಲಿ ಉರಿಯುವ ಪದಾರ್ಥ 60 ಕಿಲೋ ಮಾತ್ರ, ಒಣಗಿದ್ದರಲ್ಲಿ 80ರಿಂದ 85 ಕಿಲೋ. ಅಲ್ಲದೆ ಆ 40 ಕಿಲೋ ನೀರನ್ನು ಆವಿ ಮಾಡಿ ಹೊರಗಟ್ಟುವುದಕ್ಕೇ ಐದಾರು ಕಿಲೋ ಒಣ ಕಟ್ಟಿಗೆಯ ಶಾಖ ವ್ಯರ್ಥವಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ಒಲೆ ತಣ್ಣಗಿದ್ದಷ್ಟೂ ಮರದಿಂದ ಹೊರಡುವ ಉರಿಯುವ ಅನಿಲಗಳು ಉರಿಯದೆ ಹೊಗೆಯಾಗಿ ಹೋಗುತ್ತವೆ. ಹೊಗೆಯೆಂದರೆ ಉರಿಯದೆ ಉಳಿದ ಕಟ್ಟಿಗೆಯೇ. ಅದು ಛಾವಣಿಗೆ ಮಸಿಯಾಗಿಯೂ ಮನೆಯ ಹೆಣ್ಣುಮಕ್ಕಳ ಎದೆಗೆ ಕೆಮ್ಮಾಗಿಯೂ ಅಂಟಿಕೊಳ್ಳುತ್ತದೆ. ಶ್ವಾಸಕೋಶದ ದೀರ್ಘವ್ಯಾಧಿ, ಕೂಸುಗಳ ನ್ಯುಮೋನಿಯಾ, ಕಣ್ಣಿನ ಪೊರೆ ಇವುಗಳಿಗೂ ಒಲೆಯ ಹೊಗೆಗೂ ನಂಟಿರುವುದನ್ನು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ಒಣಗಿದ ಕಟ್ಟಿಗೆಯನ್ನು ಗುರುತಿಸುವುದು ಕಷ್ಟವಲ್ಲ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಠಣ್ಣೆಂದು ಗಟ್ಟಿಯಾದ ನಾದ ಬರುತ್ತದೆ. ಹಸಿಯಿದ್ದರೆ ಮಂಕಾದ ದಪ್ ಸದ್ದು. ಕಡಿದ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕುಗಳು ಮೂಡಿರಬೇಕು, ತೊಗಟೆ ಉಗುರಿಗೆ ಸುಲಭವಾಗಿ ಏಳಬೇಕು, ಗಾತ್ರಕ್ಕೆ ಹೋಲಿಸಿದರೆ ತೂಕ ಹಗುರವೆನಿಸಬೇಕು. ಸಂಶಯವಿದ್ದರೆ ಒಂದು ತುಂಡನ್ನು ಸೀಳಿಸಿ ಒಳಭಾಗವನ್ನು ಕೆನ್ನೆಗೆ ತಾಗಿಸಿ ನೋಡಿರಿ. ತಂಪು ಹತ್ತಿದರೆ ಹಸಿಯೆಂದೇ ಅರ್ಥ. ಮೇಲೆ ಒಣಗಿ ಒಳಗೆ ಹಸಿಯಾಗಿರುವುದು ದಿಮ್ಮಿಗಳ ಸ್ವಭಾವವಾದ್ದರಿಂದ ಸೀಳಿದ ಕಟ್ಟಿಗೆಯನ್ನೇ ಕೊಳ್ಳುವುದು ಲೇಸು. ಮಾಘ ಫಾಲ್ಗುಣಗಳಲ್ಲಿ ಕೊಂಡು, ಬೇಸಗೆಯ ಬಿಸಿಲೆಲ್ಲ ಅದಕ್ಕೆ ತಗುಲಿಸಿ, ಮೃಗಶಿರದ ಮಳೆ ಕಾಲಿಡುವ ಮೊದಲೇ ಒಳಗೆ ಸೇರಿಸಿಬಿಡುತ್ತಿದ್ದರು ನಮ್ಮ ಹಿರಿಯರು. ಆ ಕ್ರಮವನ್ನು ಮೀರಿಸುವ ಉಪಾಯ ನಮಗೆ ಇನ್ನೂ ಕಂಡಿಲ್ಲ.

ಇನ್ನು ಜಾತಿಯ ಮಾತು. ಮನುಷ್ಯರಲ್ಲಿ ಜಾತಿ ನೋಡಬಾರದು, ಕಟ್ಟಿಗೆಯಲ್ಲಿ ನೋಡಲೇಬೇಕು! ಕರಿಜಾಲಿ, ಹುಣಸೆ, ಮತ್ತಿ, ಸರ್ವೆ ಇವು ಗಟ್ಟಿ ಕಟ್ಟಿಗೆಗಳು. ನಿಧಾನವಾಗಿ ಉರಿದು ಕೆಂಡವಾಗಿ ನಿಲ್ಲುತ್ತವೆ. ಹುಣಸೆಯ ಕಾವು ಇಟ್ಟಿಗೆ ಸುಡುವವರಿಗೆ ಚೆನ್ನಾಗಿ ಗೊತ್ತು. ಬಯಲುಸೀಮೆಯ ಹಳ್ಳಕೊಳ್ಳಗಳನ್ನೆಲ್ಲ ಆಕ್ರಮಿಸಿಕೊಂಡಿರುವ ಬಳ್ಳಾರಿ ಜಾಲಿಯನ್ನು ರೈತರು ಎಷ್ಟು ಶಪಿಸಿದರೂ ಒಲೆಗೆ ಅದು ಉತ್ತಮವಾದ ಕಟ್ಟಿಗೆ. ಕಡಿಯುವವರು ಮಾತ್ರ ಅದರ ಮುಳ್ಳಿಗೆ ಹೆದರಬೇಕು. ಆಳವಾಗಿ ನೆಟ್ಟು ಮುರಿದ ಮುಳ್ಳು ಕೀವಾಗದೆ ಬಿಡುವುದು ಅಪರೂಪ. ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಂಡು ಹಲವು ವರ್ಷಗಳಾಗಿದ್ದರೆ ಉದಾಸೀನ ಮಾಡದೆ ಆಸ್ಪತ್ರೆಗೆ ಹೋಗಿಬರಬೇಕು. ಬೂರುಗ, ಹಾಲವಾಣ, ನುಗ್ಗೆ ಮೊದಲಾದ ಮೆದು ಮರಗಳು ಬುಗ್ಗನೆ ಹತ್ತಿ ಬೂದಿಯಾಗಿ ಬಿಡುತ್ತವೆ. ರೊಟ್ಟಿಗೆ ಬೇಕಾದ ಹದವಾದ ಉರಿಗೆ ತೊಗರಿ ಕಟ್ಟಿಗೆಯೂ ಹತ್ತಿ ಕಟ್ಟಿಗೆಯೂ ಸರಿಯೇ. ಆದರೆ ಅವುಗಳ ಮುಂದೆ ಕುಳಿತವರು ಏಳುವಂತಿಲ್ಲ, ಕ್ಷಣಕ್ಷಣಕ್ಕೂ ಉಣಿಸುತ್ತಿರಬೇಕು. ಬಿಲ್ವ, ಬನ್ನಿಗಳನ್ನು ಒಲೆಗೆ ಹಾಕುವ ರೂಢಿ ನಮ್ಮ ಮನೆಗಳಲ್ಲಿ ಇಲ್ಲ; ಅದು ಹಾಗೆಯೇ ಇರಲಿ.

ಒಲೆಗೆ ಸೇರಲೇಬಾರದ ಕೆಲವು ಇವೆ. ಕರಿಗೇರಿನ ಮರದ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಅದರ ಹೊಗೆಯೂ ಒಳ್ಳೆಯದಲ್ಲ. ಕಳ್ಳಿಯ ಹಾಲು ಕಣ್ಣಿಗೆ ಶತ್ರು. ಕಣಗಿಲವಂತೂ ವಿಷ. ಇಡಿಯ ಬಿದಿರನ್ನು ಹಾಕಿದರೆ ಗಿಣ್ಣುಗಳ ನಡುವಣ ಗಾಳಿ ಕಾದು ಪಟಾಕಿಯಂತೆ ಸಿಡಿಯುತ್ತದೆ, ಸೀಳಿ ಹಾಕಬೇಕು. ಮನೆ ರಿಪೇರಿಯಾದಾಗ ಉಳಿದ ಬಣ್ಣ ಬಳಿದ ಬಾಗಿಲ ಚೂರು, ಪ್ಲೈವುಡ್, ಪ್ಲಾಸ್ಟಿಕ್ ಚೀಲ ಇವನ್ನು ಬಚ್ಚಲ ಒಲೆಗೆ ತುರುಕುವ ಅಭ್ಯಾಸ ಈಚೆಗೆ ಹೆಚ್ಚಾಗಿದೆ. ಹಳೆಯ ಬಣ್ಣಗಳಲ್ಲಿ ಸೀಸವಿರುತ್ತದೆ; ಅದರ ಹೊಗೆಯನ್ನೂ ಬೂದಿಯನ್ನೂ ಮನೆಯ ಮಕ್ಕಳೇ ಸೇವಿಸುವರೆಂಬುದನ್ನು ಮರೆಯಬಾರದು.

ಕಟ್ಟಿಗೆ ಒಟ್ಟುವ ಸ್ಥಳದ ಕುರಿತು ಎರಡು ಮಾತು. ಗೋಡೆಗೆ ಒತ್ತಿ, ನೆಲಕ್ಕೆ ತಾಗಿಸಿ ಒಟ್ಟಿದರೆ ಗೆದ್ದಲು ಮೊದಲು ಬರುತ್ತದೆ, ಇಲಿ ಆಮೇಲೆ ಬರುತ್ತದೆ, ಇಲಿಯ ಬೆನ್ನಿಗೆ ಹಾವು ಬರುತ್ತದೆ. ಕಲ್ಲುಗಳ ಮೇಲೆ ಗೇಣು ಎತ್ತರದಲ್ಲಿ, ಗೋಡೆಯಿಂದ ಮೊಳ ದೂರದಲ್ಲಿ, ಗಾಳಿಯಾಡುವಂತೆ ಒಟ್ಟಬೇಕು. ನಸುಕಿನಲ್ಲಿ ನೀರು ಕಾಯಿಸಲು ಎದ್ದ ಸೊಸೆಯೋ ಮಗಳೋ ಕತ್ತಲಲ್ಲಿ ಕೈ ಚಾಚಿ ಕಟ್ಟಿಗೆ ಎಳೆಯುವುದೇ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಕಡಿತಗಳಿಗೆ ಕಾರಣ. ಮರುದಿನಕ್ಕೆ ಬೇಕಾದಷ್ಟನ್ನು ಹಗಲಿನಲ್ಲಿಯೇ ತೆಗೆದು ಒಲೆಯ ಬದಿಗಿಟ್ಟರೆ ಅರ್ಧ ಅಪಾಯ ಕಳೆಯಿತು. ಕಡಿದದ್ದು ಹಾವೆಂದಾದರೆ ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು. ಕಡಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಕಟ್ಟುವಂತೆ ಪಟ್ಟಿ ಕೊಟ್ಟು ಅಲುಗದಂತೆ ಮಾಡಿ, ರೋಗಿಯನ್ನು ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. ಕಟ್ಟು ಹಾವಿನ ಕಡಿತದಲ್ಲಿ ನೋವೂ ಬಾವೂ ಕಾಣದೆ ಇರಬಹುದು, ನೋವಿಲ್ಲವೆಂದು ಸುಮ್ಮನಾಗಬಾರದು. ಕೆಂಪು ಚೇಳನ್ನು ಕೂಡ ಲಘುವಾಗಿ ಎಣಿಸಬಾರದು, ಮಕ್ಕಳಿಗಂತೂ ಅದು ಪ್ರಾಣಾಂತಕ. ಮಹಾರಾಷ್ಟ್ರದ ಮಹಾಡದಲ್ಲಿ ವೈದ್ಯರಾಗಿದ್ದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಸಾಮಾನ್ಯ ಮಾತ್ರೆಯಿಂದ ಚೇಳಿನ ವಿಷಕ್ಕೆ ಸಿಕ್ಕ ಜೀವಗಳನ್ನು ಉಳಿಸಿ ತೋರಿಸಿದರು. ಮಂತ್ರಕ್ಕೆ ಕಳೆಯುವ ಹೊತ್ತನ್ನು ಆ ಮಾತ್ರೆಗೆ ಕೊಟ್ಟರೆ ಕೂಸು ಉಳಿಯುತ್ತದೆ.

ಒಲೆ ಹತ್ತದಿದ್ದಾಗ ಸೀಮೆಎಣ್ಣೆ ಸುರಿಯುವವರಿಗೆ ಒಂದು ಮಾತು. ಆರಿದಂತೆ ಕಾಣುವ ಒಲೆಯಲ್ಲಿ ಕೆಂಡವಿರುತ್ತದೆ. ಬಿಸಿ ಕೆಂಡದ ಮೇಲೆ ಬಿದ್ದ ಎಣ್ಣೆ ಮೊದಲು ಆವಿಯಾಗುತ್ತದೆ, ಆ ಬಳಿಕ ಒಮ್ಮೆಲೇ ಭುಗ್ಗೆನ್ನುತ್ತದೆ. ಜ್ವಾಲೆ ಎಣ್ಣೆಯ ಧಾರೆಯನ್ನು ಹಿಡಿದು ಡಬ್ಬಿಯವರೆಗೂ ಏರಬಲ್ಲದು. ಒಣ ತೆಂಗಿನ ಗರಿ, ಕುಳ್ಳಿನ ಚೂರು, ಸಣ್ಣ ಚೆಕ್ಕೆಗಳ ಒಂದು ಬುಟ್ಟಿ ಸಿದ್ಧವಿದ್ದರೆ ಎಣ್ಣೆಯ ಹಂಗೇಕೆ? ಒಲೆಯ ಬಾಯಿಗೆ ಕಟ್ಟಿಗೆಯನ್ನು ಗಿಡಿದು ತುಂಬುವುದೂ ತಪ್ಪು. ಬೆಂಕಿಗೆ ಕಟ್ಟಿಗೆಯಷ್ಟೇ ಗಾಳಿಯೂ ಆಹಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಮೂರು ಕುಳಿಯ ಅಸ್ತ್ರ ಒಲೆಯಲ್ಲಿ ಈ ಗಾಳಿಯ ಲೆಕ್ಕವನ್ನೂ ಹೊಗೆಗೊಳವಿಯನ್ನೂ ಜಾಣತನದಿಂದ ಹೊಂದಿಸಿದ್ದರು. ನಮ್ಮ ಹಲವು ಹಳ್ಳಿಗಳಲ್ಲಿ ಅದನ್ನು ಕಟ್ಟಿಸಿಕೊಂಡವರು ಹೊಗೆಗೊಳವಿಯನ್ನು ಶುಚಿ ಮಾಡಿಸದೆ, ಒಲೆಯನ್ನೇ ದೂರಿ ಕೆಡವಿಬಿಟ್ಟರು!

ಈಗ ಬರೆಯಲಿರುವ ಸಂಗತಿ ನಮ್ಮ ಮನೆಯದೇ. ನಾವು ಇನ್ನೂ ಶಾಲೆಗೆ ಹೋಗುತ್ತಿದ್ದ ದಿನಗಳು. ಅಕ್ಕನವರು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದರು. ಪುಷ್ಯಮಾಸದ ಚಳಿ. ಬಾಣಂತಿಗೆ ಗಾಳಿ ಸೋಂಕಬಾರದೆಂದು ಕೋಣೆಯ ಏಕೈಕ ಕಿಂಡಿಗೆ ನಮ್ಮ ತಾಯಿಯವರು ಗೋಣಿಚೀಲ ತುರುಕಿದರು. ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಜಾಲಿಯ ಕೆಂಡವನ್ನು ತುಂಬಿಟ್ಟರು. ಹೊಗೆ ಎಳ್ಳಷ್ಟೂ ಇರಲಿಲ್ಲ. ನಸುಕಿನಲ್ಲಿ ಸೋದರತ್ತೆಯವರು ಕೂಗಿದರೆ ಉತ್ತರವಿಲ್ಲ. ಕೂಸಿನ ಅಳುವೂ ಕೇಳದು. ಅಗುಳಿ ಮುರಿದು ಒಳಹೊಕ್ಕಾಗ ಅಕ್ಕನವರು ವಾಂತಿಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದರು, ಕೂಸಿನ ಕೈಕಾಲು ಜೋತುಬಿದ್ದಿದ್ದವು. ಅತ್ತೆಯವರು ಇಬ್ಬರನ್ನೂ ಅಂಗಳದ ಗಾಳಿಗೆ ಎಳೆದು ತಂದರು. ಬಾಣಂತಿಯನ್ನು ಚಳಿಗೆ ಹಾಕಿದೆಯಲ್ಲ ಎಂದು ಆ ಹೊತ್ತಿನಲ್ಲಿಯೂ ಅವರನ್ನು ಬೈದವರಿದ್ದರು! ಚಕ್ಕಡಿ ಹೂಡಿ ತಾಲೂಕು ಆಸ್ಪತ್ರೆಗೆ ಒಯ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಕೋಣೆಯಲ್ಲಿ ಕೆಂಡವಿತ್ತೇ ಎಂಬುದು. ಇಬ್ಬರೂ ಬದುಕಿದರು.

ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತಕ್ಕೆ ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಿಗಿಯಲ್ಲಿ ಅದು ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು, ಆಮೇಲೆ ನಿದ್ದೆ. ನಿದ್ದೆ ಹೋದವರಿಗೆ ತಮಗೇನಾಗುತ್ತಿದೆ ಎಂಬುದೇ ತಿಳಿಯದು. ಹೊಗೆಯಿಲ್ಲದ ಕೆಂಡ ನಿರಪಾಯವೆಂಬ ನಂಬಿಕೆಯೇ ಅಪಾಯಕ್ಕೆ ಮೂಲ. ನಮ್ಮ ಮನೆಯಲ್ಲಿ ಅಂದು ದೃಷ್ಟಿ ತಗುಲಿತೆಂದು ನಿವಾಳಿಸಿದರು. ಮರುವಾರ ಅದೇ ಅಗ್ಗಿಷ್ಟಿಕೆ ಅದೇ ಕೋಣೆಗೆ ಹೊರಟಿತ್ತು. ತಂದೆಯವರು ಬಾಗಿಲಲ್ಲಿ ನಿಂತು ತಡೆದರು. ಬಾಣಂತಿಯ ಮೈ ಕಾಯಿಸಲೇಬೇಕೆಂದಿದ್ದರೆ ಬಾಗಿಲು ಕಿಟಕಿ ತೆರೆದಿಟ್ಟು, ಎಚ್ಚರವಿರುವವರು ಬಳಿಯಿದ್ದು, ಮಲಗುವ ಮೊದಲು ಅಗ್ಗಿಷ್ಟಿಕೆಯನ್ನು ಹೊರಗೆ ಒಯ್ಯಬೇಕು. ಕಂಬಳಿ, ಬಿಸಿನೀರಿನ ಚೀಲಗಳು ಸಾಲದೆಂಬ ಕಾಲ ಇದಲ್ಲ. ನಮ್ಮ ತಾಯಿಯವರು ಆ ಗೋಣಿಚೀಲವನ್ನು ತಮ್ಮ ಕೈಯಿಂದಲೇ ತುರುಕಿದ್ದನ್ನು ಕೊನೆಯವರೆಗೂ ಮರೆಯಲಿಲ್ಲ. ಮೊಮ್ಮಕ್ಕಳ ಬಾಣಂತನಗಳಲ್ಲಿ ಮೊದಲು ಎದ್ದು ಕಿಟಕಿ ತೆಗೆಯುತ್ತಿದ್ದವರು ಅವರೇ.

ಸುಟ್ಟ ಗಾಯಕ್ಕೆ ಶಾಯಿ, ಬೆಣ್ಣೆ, ಹಲ್ಲುಜ್ಜುವ ಪೇಸ್ಟು ಇವು ಯಾವುವೂ ಬೇಡ. ಹರಿಯುವ ತಂಪು ನೀರನ್ನು 20 ನಿಮಿಷ ಬಿಡಬೇಕು, ಬರ್ಫವೂ ಬೇಡ. ಬಳೆ ಉಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು, ಬೊಬ್ಬೆಯನ್ನು ಒಡೆಯಬಾರದು. ಸೆರಗಿಗೆ ಬೆಂಕಿ ಹತ್ತಿದವರು ಓಡಿದರೆ ಗಾಳಿಗೆ ಉರಿ ಹೆಚ್ಚುತ್ತದೆ. ನೆಲಕ್ಕೆ ಬಿದ್ದು ಹೊರಳಬೇಕು. ಬಳಿಯಿದ್ದವರು ಕಂಬಳಿ ಹೊದಿಸಬೇಕು. ಉಣ್ಣೆಗೆ ಬೆಂಕಿ ಬೇಗ ಹತ್ತದಾದ್ದರಿಂದ ನಮ್ಮ ಕುರಿಗಾಹಿಗಳ ಕರಿಕಂಬಳಿ ಈ ಕೆಲಸಕ್ಕೆ ಬಹು ಯೋಗ್ಯ. ನೈಲಾನ್ ಸೀರೆಯುಟ್ಟು ಒಲೆಯ ಮುಂದೆ ಕೂರದಿರುವುದು ಇನ್ನೂ ಯೋಗ್ಯ.

ಗ್ಯಾಸೂ ಕಟ್ಟಿಗೆಯ ಒಲೆಯೂ ಒಂದೇ ಕೋಣೆಯಲ್ಲಿರುವ ಮನೆಗಳನ್ನು ಕಂಡರೆ ನಮಗೆ ದಿಗಿಲಾಗುತ್ತದೆ. ಸೋರಿದ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಹರಿದು ಕೆಳಗಿನ ಒಲೆಯ ಕೆಂಡವನ್ನು ತಲುಪುತ್ತದೆ. ವಾಸನೆ ಬಂದಾಗ ಸ್ವಿಚ್ಚು ಹಾಕುವುದೂ ಬೇಡ, ತೆಗೆಯುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಹೋಗಿ ಫೋನು ಮಾಡಬೇಕು. ರಬ್ಬರು ನಳಿಕೆಯನ್ನು 5 ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು.

ಬೂದಿಯ ವಿಷಯವನ್ನು ಬಿಟ್ಟರೆ ರೈತ ಬಂಧುಗಳು ಮೆಚ್ಚಲಾರರು. ಬೆಂಕಿಪೆಟ್ಟಿಗೆ ದುಬಾರಿಯಾಗಿದ್ದ ಕಾಲದಲ್ಲಿ ಅಜ್ಜಿಯರು ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಅದರಿಂದಲೇ ಒಲೆ ಹೊತ್ತಿಸುತ್ತಿದ್ದರು. ಅದೇ ಬೂದಿಯನ್ನು ತಣ್ಣಗಾಯಿತೆಂದು ತಿಳಿದು ತಿಪ್ಪೆಗೆ ಚೆಲ್ಲಿದರೆ, ಗಾಳಿಗೆ ಎದ್ದ ಕಿಡಿ ಪಕ್ಕದ ಕಣಕಿಯ ಬಣವೆಗೆ ತಾಗುತ್ತದೆ. ವರ್ಷದ ಮೇವು ಒಂದು ತಾಸಿನಲ್ಲಿ ಹೋಗುತ್ತದೆ, ಬಣವೆಯ ಬದಿಯಲ್ಲಿ ಕಟ್ಟಿದ ದನವೂ ಹೋಗುತ್ತದೆ. ಬೂದಿಗೆ ನೀರು ಚಿಮುಕಿಸಿ, ಕಲಸಿ, ಕೈಹಿಡಿದು ನೋಡಿ ಚೆಲ್ಲಿರಿ.

ಕೊನೆಗೆ, ಅಂಕಿಗಳು. ಎಲ್ಲ ತುರ್ತಿಗೂ 112, ಅಗ್ನಿಶಾಮಕಕ್ಕೆ 101, ಆಂಬುಲೆನ್ಸಿಗೆ 108, ಗ್ಯಾಸ್ ಸೋರಿಕೆಗೆ 1906. ಮೊಬೈಲಿನಲ್ಲಿದೆ ಎಂದು ಸುಮ್ಮನಿರದೆ, ಕನ್ನಡಕವಿಲ್ಲದ ಅಜ್ಜಿಗೂ ಕಾಣುವಂತೆ ಗೋಡೆಯ ಮೇಲೆ ಬರೆಸಿಡಿ. ನಮ್ಮ ಮನೆಯಲ್ಲಿ ಮೊಮ್ಮಗಳು ಇದ್ದಿಲಿನಿಂದ ಬರೆದಳು. 9 ಮೊದಲು ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿತ್ತು, ಅವಳ ಅಜ್ಜಿ ಒರೆಸಿ ಮತ್ತೆ ಬರೆಸಿದರು.