ಶೋರೂಮಿನಲ್ಲಿ ಕೋಗಿಲೆ, ಘಾಟಿ ದಾರಿಯಲ್ಲಿ ಕಾಗೆ!

ಶಿವಮೊಗ್ಗದ ಕಾರು ವರ್ಕ್‌ಶಾಪೊಂದರ ಬಾಗಿಲಲ್ಲಿ ಮೊನ್ನೆ ಬೆಳಿಗ್ಗೆ ಸಣ್ಣದೊಂದು ಸಂತೆಯೇ ನೆರೆದಿತ್ತು. ನಡುವೆ ನಿಂತಿದ್ದವರು ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಕೈಯಲ್ಲಿ ಜಾಬ್ ಕಾರ್ಡು. ಅದರಲ್ಲಿ ಮೂರನೇ ಸಲ ಅದೇ ಷರಾ: "ತೊಂದರೆ ಕಂಡುಬಂದಿಲ್ಲ."

ಮೇಷ್ಟ್ರ ದೂರು ಇಷ್ಟೇ. 9 ಲಕ್ಷ ಸುರಿದು ಹೊಸ ಕಾರು ತಂದಿದ್ದಾರೆ. ಅರ್ಧ ನಿವೃತ್ತಿಯ ಗಂಟು, ಇನ್ನರ್ಧ ಬ್ಯಾಂಕಿನ ಸಾಲ. ಶೋರೂಮಿನಲ್ಲಿ ಹುಡುಗ ಕಾರಿನ ಬಾಗಿಲು ಹಾಕಿ ಹಾಡು ಹಚ್ಚಿದಾಗ ತಬಲದ ಪೆಟ್ಟು ಎದೆಗೇ ಬಡಿದಿತ್ತು. ಮನೆಗೆ ಬಂದ ಕಾರಿನಲ್ಲಿ ಮಾತ್ರ ಒಂದು ಹಾಡು ಜೇನು, ಮುಂದಿನ ಹಾಡು ತಗಡು. ಗಾಜನೂರು ದಾಟುವ ತನಕ ಪರವಾಗಿಲ್ಲ. ಮಂಡಗದ್ದೆ ಹತ್ತಿರ ಗಂಟಲು ಕಟ್ಟುತ್ತದೆ. ಆಗುಂಬೆ ಮುಟ್ಟುವ ಹೊತ್ತಿಗೆ ಡಬ್ಬದೊಳಗೆ ಕೂತು ಯಾರೋ ಹಾಡಿದ ಹಾಗೆ. ಸೌಂಡ್ ಏರಿಸಿದರೆ ತಬಲವೇ ಮಾಯ!

"ಇದು ನಾರ್ಮಲ್ ಸರ್" ಅಂದ ಸರ್ವೀಸ್ ಅಡ್ವೈಸರ್.

"ನಾರ್ಮಲ್ ಅಂದ್ರೆ ಯಾವುದಪ್ಪಾ? ನಿಮ್ಮ ಶೋರೂಮಿಂದೋ, ಮಂಡಗದ್ದೇದೋ?" ಅಂದರು ಮೇಷ್ಟ್ರು.

ಅಡ್ವೈಸರ್ ಮಹಾಶಯರ ಬಳಿ ಉತ್ತರವಿರಲಿಲ್ಲ. ಸುತ್ತ ನಿಂತಿದ್ದವರು ನಕ್ಕರು. ನಕ್ಕವರೇ ಆಮೇಲೆ ಒಬ್ಬೊಬ್ಬರಾಗಿ ತಂತಮ್ಮ ಕಾರಿನ ಕತೆಯನ್ನೂ ಬಿಚ್ಚತೊಡಗಿದರು.

ಹಾಡು ಕೆಟ್ಟರೆ ಬ್ರೇಕು ಕೆಟ್ಟ ಹಾಗಲ್ಲ, ಪ್ರಾಣ ಹೋಗುವುದಿಲ್ಲ ನಿಜ. ಆದರೆ ದುಡ್ಡು ಕೊಟ್ಟು ಕೊಂಡ ಮಾಲು ಸರಿಯಿದೆಯೋ ಇಲ್ಲವೋ ಎಂದು ತೀರ್ಮಾನ ಮಾಡುವವರು ಯಾರು? ಕೊಂಡವನ ಕಿವಿಯೋ, ಮಾರಿದವನ ಷರಾವೋ? ಪ್ರಶ್ನೆ ಅದು.

ಒಂದೇ ರೋಗವಲ್ಲ

"ಸೌಂಡ್ ಒಂದೊಂದು ಸಲ ಒಂದೊಂದು ಥರ" ಎಂಬ ದೂರಿನ ಹೊಟ್ಟೆಯೊಳಗೆ ಹಲವು ರೋಗಗಳಿವೆ. ಕೆಲವಕ್ಕೆ ಕಂಪನಿ ಹೊಣೆಯಲ್ಲ. ಕೆಲವಕ್ಕೆ ಕಂಪನಿಯೇ ಪೂರ್ತಿ ಹೊಣೆ. ಗಿರಾಕಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ತಂದು ಸುರಿಯುತ್ತಾನೆ. ವರ್ಕ್‌ಶಾಪಿನವರು ಮೊದಲ ಬಗೆಯದನ್ನು ಎತ್ತಿ ತೋರಿಸಿ ಎರಡನೆಯದನ್ನೂ ಅದರ ಜೊತೆಗೇ ಗುಡಿಸಿಬಿಡುತ್ತಾರೆ. ಆಟ ನಡೆಯುವುದು ಇಲ್ಲೇ.

ಮೊದಲು ಹಾಡಿನ ಮಾತು. 60ರ ದಶಕದ ಚಿತ್ರಗೀತೆ ಒಂದೇ ದಾರಿಯ ಮೋನೋ ಧ್ವನಿಮುದ್ರಣ. ಈಗಿನ ಹಾಡು ಎರಡು ದಾರಿಯ ಸ್ಟೀರಿಯೋ, ಅದೂ ಜೋರಾಗಿ ಕೇಳಲೆಂದೇ ಒತ್ತಿ ತುಂಬಿದ್ದು. ಇವೆರಡನ್ನೂ ಬೆನ್ನಿಗೆ ಬೆನ್ನು ಹಚ್ಚಿದರೆ ಯಾವ ಸ್ಪೀಕರ್ ಆದರೂ ವ್ಯತ್ಯಾಸ ತೋರಿಸಿಯೇ ತೋರಿಸುತ್ತದೆ.

ಇನ್ನು ಮೊಬೈಲಿನಲ್ಲಿ ನೆಟ್ ಮೇಲೆ ಬರುವ ಹಾಡು. ಸ್ಪಾಟಿಫೈನಂಥ ಆಪ್‌ಗಳಲ್ಲಿ ಹಾಡಿನ ಗುಣಮಟ್ಟಕ್ಕೆ ಮೆಟ್ಟಿಲುಗಳಿವೆ. ತೀರಾ ಕೆಳಗಿನದು ಸೆಕೆಂಡಿಗೆ 24 ಕಿಲೋಬಿಟ್. ಮೇಲಕ್ಕೆ ಹೋದರೆ 320, ಅದರಾಚೆಗೂ ಉಂಟು. 'ಆಟೋ' ಎಂದು ಬಿಟ್ಟರೆ ನೆಟ್‌ವರ್ಕ್ ಇದ್ದಷ್ಟು ಮೆಟ್ಟಿಲು ಹತ್ತುತ್ತದೆ, ಇಲ್ಲದಾಗ ಇಳಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಏರಿದ ಹಾಡು ತೀರ್ಥಹಳ್ಳಿ ದಾಟಿ ಕಾಡು ಹೊಕ್ಕಾಗ ಇಳಿಯದೆ ಇನ್ನೇನು ಮಾಡೀತು? ಇದು ಕಾರಿನ ತಪ್ಪಲ್ಲ.

ಬ್ಲೂಟೂತ್ ಇನ್ನೊಂದು ಕತೆ. ಈ ದಾರಿಯಲ್ಲಿ ಹಾಡು ಹಿಂಡಿಸಿಕೊಂಡೇ ಬರುತ್ತದೆ. ಅದರಲ್ಲೂ ಹಾಡಿಗೊಂದು ದಾರಿ, ಫೋನ್ ಮಾತಿಗೊಂದು ದಾರಿ. ಮಾತಿನ ದಾರಿ ಕಿರಿದು, ಮೋನೋ. ಯಾವುದೋ ಆಪ್ ಮೈಕ್ ತೆರೆದಿಟ್ಟುಕೊಂಡು ಹಾಡನ್ನೂ ಆ ಕಿರುದಾರಿಗೆ ತಳ್ಳಿದರೆ ಅದು ಟೆಲಿಫೋನಿನಲ್ಲಿ ಹಾಡಿದಂತೆಯೇ ಕೇಳಿಸುತ್ತದೆ. ಜೊತೆಗೆ ಸೌಂಡಿಗೆ ಎರಡು ನಲ್ಲಿಗಳು. ಒಂದು ಮೊಬೈಲಿನಲ್ಲಿ, ಒಂದು ಕಾರಿನಲ್ಲಿ. ಮೊಬೈಲಿನ ನಲ್ಲಿ ಅರ್ಧ ತಿರುಗಿಸಿಟ್ಟು ಕಾರಿನದನ್ನು ಪೂರ್ತಿ ತಿರುಗಿಸಿದರೆ ಹಾಡಿನ ಜೊತೆ ಸುಯ್ ಎನ್ನುವುದೂ ಬರುತ್ತದೆ.

ಎಫ್‌ಎಂ ರೇಡಿಯೋಗೆ ಗುಡ್ಡವೇ ಶತ್ರು. ಅದರ ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೆಟ್ಟಗೆ ಹೋಗುವಂಥದು. ಭದ್ರಾವತಿ ಆಕಾಶವಾಣಿಯ ಹಾಡು ಬಯಲಿನಲ್ಲಿ ಸ್ವಚ್ಛ. ಗುಡ್ಡದ ಮರೆ ಬಂತೆಂದರೆ ಅಲೆ ಸೊರಗುತ್ತದೆ. ಆಗ ಗೊರಗೊರ ಸದ್ದನ್ನು ಮುಚ್ಚಲು ಕಾರಿನ ರೇಡಿಯೋ ತಾನೇ ಸ್ಟೀರಿಯೋ ಬಿಟ್ಟು ಮೋನೋಗೆ ಇಳಿಯುತ್ತದೆ, ಕೀಚು ದನಿಯನ್ನೂ ಕತ್ತರಿಸುತ್ತದೆ. ಮೇಷ್ಟ್ರು ಹೇಳಿದ 'ಗಂಟಲು ಕಟ್ಟಿದ್ದು' ಇದೇ. ಇದೂ ಕಂಪನಿಯ ಪಾಪವಲ್ಲ.

ಸ್ಪೀಕರ್ ಲೆಕ್ಕ, ಸೌಂಡ್ ಲೆಕ್ಕ

ಇಲ್ಲಿಂದ ಮುಂದಿನದು ಕಂಪನಿಯ ಪಾಪ.

ಶೋರೂಮಿನ ಹುಡುಗ ಮೇಷ್ಟ್ರಿಗೆ ಕೇಳಿಸಿದ್ದು ಟಾಪ್ ಮಾಡೆಲ್ಲಿನ ಕಾರು. ಮೇಷ್ಟ್ರು ಕೊಂಡದ್ದು ಕೆಳಗಿನ ಎರಡನೇ ಮಾಡೆಲ್. ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಎರಡೂ ಒಂದೇ. ಒಳಗೆ? ಅದರಲ್ಲಿ ಸ್ಪೀಕರ್ 4, ಕೀಚು ದನಿಗೆಂದೇ ಟ್ವೀಟರ್ 2. ಇದರಲ್ಲಿ ಬಾಗಿಲಿನ ಸ್ಪೀಕರ್ ಮಾತ್ರ, ಟ್ವೀಟರ್ ಇರಬೇಕಾದ ಜಾಗದಲ್ಲಿ ಬರೀ ಜಾಲರಿಯ ಮುಚ್ಚಳ! "ಸೌಂಡ್ ಬೇಕಿದ್ದರೆ ಟಾಪ್ ಮಾಡೆಲ್ ತಗೋಬೇಕಿತ್ತು ಸರ್" ಎಂಬ ಬುದ್ಧಿಮಾತು ಬಂದದ್ದು ದುಡ್ಡು ಕಟ್ಟಿಸಿಕೊಂಡ ಮೇಲೆ. ಅನ್ನ ಬಡಿಸಿ ಆದ ಮೇಲೆ ಸಾರು ಬೇರೆ ಎಲೆಗೆ ಅಂದ ಹಾಗೆ.

ಕರಪತ್ರದಲ್ಲಿ ಸ್ಪೀಕರಿನ ಎಣಿಕೆ ಇರುತ್ತದೆ, ಸೌಂಡಿನ ಅಳತೆ ಇರುವುದಿಲ್ಲ. ಎಂಜಿನ್ ಎಷ್ಟು ಸಿಸಿ, ಡಿಕ್ಕಿಯಲ್ಲಿ ಎಷ್ಟು ಲೀಟರ್ ಜಾಗ ಎಲ್ಲಾ ಅಂಕಿಯಲ್ಲಿ ಹೇಳುತ್ತಾರೆ. ಸ್ಪೀಕರಿನ ಕಾಗದ ಯಾವುದು, ಅಯಸ್ಕಾಂತ ಎಷ್ಟು, ಎಷ್ಟು ಕೆಳಗಿನ ದನಿ ಹೊರಡಿಸಬಲ್ಲದು ಎಂಬುದಕ್ಕೆ ಬಾಯಿ ಬಿಡುವುದಿಲ್ಲ. ವ್ಯಾಟ್ ಹೇಳಿದರೂ ಅದು ಕ್ಷಣಕಾಲದ ಗರಿಷ್ಠ ಲೆಕ್ಕ. ಬೇರೆ ಆಂಪ್ಲಿಫೈಯರ್ ಇಲ್ಲದ ಮಾಮೂಲಿ ಕಾರಿನಲ್ಲಿ ಎಂಜಿನ್ ಓಡುವಾಗ ಸಿಗುವುದು 14 ವೋಲ್ಟ್ ಚಿಲ್ಲರೆ. ಅದರಲ್ಲಿ ಒಂದೊಂದು ಸ್ಪೀಕರಿಗೆ ನಿಜವಾಗಿ ದಕ್ಕುವುದು 20 ವ್ಯಾಟ್ ಆಸುಪಾಸು. ಪೆಟ್ಟಿಗೆಯ ಮೇಲೆ '50 ವ್ಯಾಟ್, 4 ಸಲ' ಎಂದು ಅಚ್ಚು ಹಾಕಲು ಮಾತ್ರ ಯಾರಿಗೂ ನಾಚಿಕೆಯಿಲ್ಲ.

ಹಾಗಾದರೆ ಸೌಂಡ್ ಏರಿಸಿದಾಗ ತಬಲ ಮಾಯವಾಗುವುದು ಯಾಕೆ? ಅದು ಎಷ್ಟೋ ಕಾರುಗಳಲ್ಲಿ ಬೇಕೆಂದೇ ಮಾಡಿದ್ದು. ಅಗ್ಗದ ಸ್ಪೀಕರಿಗೆ ಜೋರು ಬೇಸ್ ಕೊಟ್ಟರೆ ಹರಿದುಹೋಗುತ್ತದೆ. ಆದ್ದರಿಂದ ಒಳಗಿನ ಕಂಪ್ಯೂಟರ್ ಸೌಂಡ್ ಏರಿದಂತೆ ಬೇಸನ್ನು ತಾನೇ ಇಳಿಸುತ್ತಾ ಹೋಗುತ್ತದೆ. ಮೆಲ್ಲಗೆ ಹಚ್ಚಿದಾಗ ಮಾತ್ರ ತುಂಬಿದ ದನಿ. ಶೋರೂಮಿನಲ್ಲಿ ಎಂಜಿನ್ ಬಂದ್, ಗಾಜು ಬಂದ್, ಸೌಂಡ್ ಹದ. ಅಲ್ಲಿ ತಬಲ ಕೇಳುತ್ತದೆ. ರಸ್ತೆಯಲ್ಲಿ ಟಯರಿನ ಗುಂಯ್‌ಗುಟ್ಟುವಿಕೆ ಬೇಸನ್ನೇ ಮೊದಲು ನುಂಗುತ್ತದೆ. ಮಲೆನಾಡಿನ ಮಳೆ ತಗಡಿನ ಮೇಲೆ ಬಡಿಯುವಾಗ ಕೇಳುವುದೇ ಬೇಡ. ಸೌಂಡ್ ಏರಿಸಲೇಬೇಕು. ಏರಿಸಿದರೆ ಕಂಪ್ಯೂಟರ್ ಬೇಸ್ ಕಡಿಯುತ್ತದೆ. ಬೇಕಾದ ಹೊತ್ತಿಗೇ ಇಲ್ಲ!

ಜೊತೆಗೆ ವೇಗ ಹೆಚ್ಚಿದಂತೆ ತಾನೇ ಸೌಂಡ್ ಏರಿಸುವ ಏರ್ಪಾಡೂ ಹಲವು ಕಾರುಗಳಲ್ಲಿದೆ. ಸೆಟಿಂಗ್ಸಿನಲ್ಲಿ ಅದನ್ನು ಬಂದ್ ಮಾಡಬಹುದು. ಆದರೆ ಇದೆ ಎಂದು ಡೆಲಿವರಿ ದಿನ ಹೇಳುವವರಿಲ್ಲ. ಅಂದು ಎಲ್ಲರ ಗಮನ ಹಾರ, ಲಾಡು, ಫೋಟೋದ ಮೇಲೆ.

ಬಿಚ್ಚಿದರೆ ವಾರಂಟಿ ಇಲ್ಲ

ಅಂಬಾಸಿಡರ್, ಫಿಯಟ್ ಕಾಲದಲ್ಲಿ ಈ ರಗಳೆ ಇರಲಿಲ್ಲ. ಕಾರು ಕಂಪನಿಯದು, ಹಾಡು ಅಂಗಡಿಯದು. ಕ್ಯಾಸೆಟ್ ಪ್ಲೇಯರ್ ಸರಿಯಿಲ್ಲ ಅಂದರೆ ನಾಲ್ಕು ಸ್ಕ್ರೂ ಬಿಚ್ಚಿ ಇನ್ನೊಂದು ಕೂರಿಸುತ್ತಿದ್ದರು. ಈಗಿನ ಪರದೆ ಹಾಡಿನ ಪೆಟ್ಟಿಗೆ ಮಾತ್ರವಲ್ಲ. ಹಿಂದಿನ ಕ್ಯಾಮೆರಾ ಅದರಲ್ಲೇ, ಸ್ಟಿಯರಿಂಗಿನ ಬಟನ್ ಅದಕ್ಕೇ, ಕೆಲವು ಕಾರಿನಲ್ಲಿ ಎಸಿಯೂ ಅದರ ಕೈಯಲ್ಲೇ. ಒಂದಕ್ಕೆ ಕೈ ಹಾಕಿದರೆ ಹತ್ತು ಅಲುಗುತ್ತವೆ.

ತೀರ್ಥಹಳ್ಳಿ ಕಡೆಯ ಟ್ಯಾಕ್ಸಿ ಹುಡುಗನೊಬ್ಬನಿಗೆ ಆದದ್ದು ಇದೇ. ಉಡುಪಿ, ಶೃಂಗೇರಿ ಬಾಡಿಗೆಗೆ ಬರುವವರೆಲ್ಲಾ "ಏನಪ್ಪಾ ಇದು ಸೌಂಡು" ಎಂದು ಮೂಗು ಮುರಿದರು. ಕಂಪನಿಯವರು ನಾರ್ಮಲ್ ಅಂದರು. ಹೊರಗಿನ ಅಂಗಡಿಯಲ್ಲಿ ವೈರ್ ಕತ್ತರಿಸಿ ಹೊಸ ಸೆಟ್ ಹಾಕಿಸಿದ. ತಿಂಗಳು ಕಳೆಯುವುದರೊಳಗೆ ಹಿಂದಿನ ಕ್ಯಾಮೆರಾ ಕತ್ತಲಾಯಿತು. ಕಂಪನಿಯವರು ಕತ್ತರಿಸಿದ ವೈರ್ ತೋರಿಸಿ "ವಾರಂಟಿ ಬರಲ್ಲ" ಎಂದು ಕೈ ತೊಳೆದುಕೊಂಡರು. ಹುಡುಗನಿಗೆ ತಿಂಗಳ ಕಂತು ತಪ್ಪಲಿಲ್ಲ. ಸರಿಯಿಲ್ಲದ ಮಾಲು ಕೊಟ್ಟು, ಸರಿಮಾಡಿಕೊಳ್ಳಲು ಹೋದವನಿಗೇ ದಂಡ. ವೈರ್ ಕತ್ತರಿಸದೆ ಕಪ್ಲರಿನಿಂದಲೇ ಜೋಡಿಸುವ ಕ್ರಮ ಇದೆ ಎಂದು ಆತನಿಗೆ ಅಂಗಡಿಯವನೂ ಹೇಳಲಿಲ್ಲ, ಕಂಪನಿಯವನೂ ಹೇಳಲಿಲ್ಲ.

ಕಾನೂನಿನ ಕಿವಿ

ಗ್ರಾಹಕನಿಗೆ ದಾರಿಯೇ ಇಲ್ಲವೇ? ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಕೊಂಡವನು ತಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ತೊಂದರೆ ಎದ್ದ ಎರಡು ವರ್ಷದೊಳಗೆ ಕೊಡಬೇಕು. 5ರಿಂದ 10 ಲಕ್ಷದೊಳಗಿನ ಮಾಲಿಗೆ ಶುಲ್ಕ ಬರೀ 200 ರೂಪಾಯಿ. ಹೊಟ್ಟೆಪಾಡಿಗೆ ತಾನೇ ಟ್ಯಾಕ್ಸಿ ಓಡಿಸುವವನೂ ಈ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕನೇ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು.

ಆದರೆ ತೊಡಕಿರುವುದು 'ದೋಷ' ಎಂಬ ಮಾತಿನ ಅರ್ಥದಲ್ಲಿ. ಕಾನೂನಿನಲ್ಲಿರಬೇಕಾದ, ಕರಾರಿನಲ್ಲಿ ಒಪ್ಪಿಕೊಂಡ, ಇಲ್ಲವೇ ಮಾರುವವನು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕೆ ಕೊರತೆ ಬಂದರೆ ಅದು ದೋಷ. ಕರಪತ್ರದಲ್ಲಿ '4 ಸ್ಪೀಕರ್' ಎಂದಷ್ಟೇ ಹೇಳಿ 4 ಕೊಟ್ಟಿದ್ದರೆ ಕಂಪನಿ ಗೆದ್ದಂತೆಯೇ. ಅವರು ಸೌಂಡಿನ ಅಳತೆಯನ್ನು ಯಾಕೆ ಬರೆಯುವುದಿಲ್ಲ ಎಂಬುದು ಈಗ ತಿಳಿಯಿತಲ್ಲ! ಆದರೆ ಹೇಳಿದ ಸ್ಪೀಕರ್ ಸರಿಯಾಗಿ ಕೆಲಸ ಮಾಡದಿದ್ದರೆ ಅದು ಬೇರೆ ಮಾತು. ಕಿವಿಯ ಸಾಕ್ಷಿ ಸಾಲದು ಎನಿಸಿದರೆ ಮಾಲನ್ನು ತಕ್ಕ ಪ್ರಯೋಗಾಲಯಕ್ಕೆ ಕಳಿಸಿ 45 ದಿನದೊಳಗೆ ವರದಿ ತರಿಸುವ ಅಧಿಕಾರ ಆಯೋಗಕ್ಕಿದೆ. ಪರೀಕ್ಷೆಯ ಖರ್ಚನ್ನು ಮೊದಲು ದೂರುದಾರನೇ ಕಟ್ಟಬೇಕಾಗಬಹುದು, ಅಷ್ಟೇ.

ಹಾಗಾಗಿ ದೂರಿಗೆ ಮೊದಲು ರೋಗವನ್ನು ಬೇರ್ಪಡಿಸಬೇಕು. "ಸೌಂಡ್ ಸರಿಯಿಲ್ಲ" ಎಂದು ಬರೆಸಿದರೆ "ತೊಂದರೆ ಕಂಡುಬಂದಿಲ್ಲ" ಎಂಬ ಷರಾ ಬಂದೇ ಬರುತ್ತದೆ. ಯಾವ ಹಾಡು, ಎಲ್ಲಿಂದ ಬಂದದ್ದು, ಯಾವ ಬಾಗಿಲು, ಸೌಂಡ್ ಎಷ್ಟಿದ್ದಾಗ ಎಂದು ಬರೆಸಿದರೆ ಷರಾ ಬರೆಯುವವನ ಕೈ ಸ್ವಲ್ಪ ತಡೆಯುತ್ತದೆ.

ಹತ್ತು ನಿಮಿಷದ ಪರೀಕ್ಷೆ

ಮೇಷ್ಟ್ರ ಕತೆಯ ಕೊನೆ ಕೇಳಿ. ಮೂರನೇ ಷರಾ ಹಿಡಿದು ಬಂದವರು ಗಾಂಧಿ ಬಜಾರಿನ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದರು. ಆತ ಕಾರಿನ ಒಂದು ಸ್ಕ್ರೂ ಮುಟ್ಟಲಿಲ್ಲ. ಒಳ್ಳೆಯ ಹಾಡೊಂದನ್ನು ಪೆನ್‌ಡ್ರೈವಿನಲ್ಲಿ ತಂದ. ನೆಟ್ ಇಲ್ಲ, ಬ್ಲೂಟೂತ್ ಇಲ್ಲ, ರೇಡಿಯೋ ಇಲ್ಲ. ಟ್ರೆಬಲ್, ಬೇಸ್ ಎಲ್ಲಾ ಸೊನ್ನೆಗೆ ತಂದ. ಫೇಡರಿನಲ್ಲಿ ಹಿಂದಿನ ಸ್ಪೀಕರ್ ಮುಚ್ಚಿ ಮುಂದಿನ ಎರಡನ್ನಷ್ಟೇ ಉಳಿಸಿದ. ಆಮೇಲೆ ಬ್ಯಾಲೆನ್ಸನ್ನು ಪೂರ್ತಿ ಬಲಕ್ಕೆ ಎಳೆದ. ತಬಲ ಕೇಳಿಸಿತು. ಪೂರ್ತಿ ಎಡಕ್ಕೆ ಎಳೆದ. ಕೇಳಿಸಿತು. ನಡುವೆ ತಂದ. ತಬಲ ಇಲ್ಲ!

"ಒಂದು ಬಾಗಿಲಿನ ವೈರ್ ತಿರುಗುಮುರುಗಾಗಿದೆ ಮೇಷ್ಟ್ರೇ" ಅಂದ ಆತ. ಪ್ಲಸ್ ಇದ್ದಲ್ಲಿ ಮೈನಸ್ ಸೇರಿದರೆ ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಎರಡೂ ಸೇರಿ ಬೇಸನ್ನು ಅಳಿಸಿಹಾಕುತ್ತವೆ. ಒಂದೊಂದನ್ನೇ ಪರೀಕ್ಷಿಸಿದರೆ ಎರಡೂ ಸರಿಯಾಗಿಯೇ ಕೇಳುತ್ತವೆ. ವರ್ಕ್‌ಶಾಪಿನಲ್ಲಿ ಮೂರು ಸಲ ಮಾಡಿದ್ದು ಅದನ್ನೇ.

ನಾಲ್ಕನೇ ಸಲ ಮೇಷ್ಟ್ರು ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಪರೀಕ್ಷೆ ಮಾಡಿ ತೋರಿಸಿದರು. ಎಡ ಬಾಗಿಲಿನ ಒಳಪಟ್ಟಿ ಬಿಚ್ಚಿದಾಗ ವೈರ್ ಅದಲು ಬದಲಾಗಿದ್ದು ಕಂಡಿತು. ಕಾರ್ಖಾನೆಯಲ್ಲೇ ಆದದ್ದೋ, ಹಿಂದಿನ ಸಲ ಬಿಚ್ಚಿ ಹಾಕುವಾಗ ಆದದ್ದೋ, ಯಾರೂ ಒಪ್ಪಿಕೊಳ್ಳಲಿಲ್ಲ. ಜಾಬ್ ಕಾರ್ಡಿನಲ್ಲಿ "ವೈರ್ ಸರಿಪಡಿಸಲಾಗಿದೆ" ಎಂದು ಬರೆಸದೆ ಮೇಷ್ಟ್ರು ಜಾಗ ಬಿಟ್ಟು ಕದಲಲಿಲ್ಲ.

ಈಗ ತಬಲ ಮರಳಿದೆ. ಟ್ವೀಟರ್ ಜಾಗದಲ್ಲಿ ಇನ್ನೂ ಬರೀ ಜಾಲರಿಯೇ. ಮಂಡಗದ್ದೆ ಹತ್ತಿರ ರೇಡಿಯೋ ಈಗಲೂ ಗಂಟಲು ಕಟ್ಟಿಕೊಳ್ಳುತ್ತದೆ. ಅದಕ್ಕೆ ಗುಡ್ಡ ಹೊಣೆ, ಮೇಷ್ಟ್ರಿಗೆ ಗುಡ್ಡದ ಮೇಲೆ ಸಿಟ್ಟಿಲ್ಲ. ಮೂರು ಸಲ "ತೊಂದರೆ ಕಂಡುಬಂದಿಲ್ಲ" ಎಂದು ಬರೆದವರು ಮಾತ್ರ ಅದೇ ಕುರ್ಚಿಯಲ್ಲಿ ಕೂತು ಇನ್ನೊಬ್ಬರ ಕಾರ್ಡಿನ ಮೇಲೆ ಅದೇ ಷರಾ ಬರೆಯುತ್ತಿದ್ದಾರೆ. ಆ ಇನ್ನೊಬ್ಬರ ಪಾಲಿಗೆ ಗಾಂಧಿ ಬಜಾರಿನ ಮೆಕ್ಯಾನಿಕ್ ಸಿಗದಿದ್ದರೆ?