ಎಚ್ಚರಗೊಳ್ಳದ ಗಣಕಯಂತ್ರ

ಗೃಹಕೃತ್ಯದ ವಸ್ತುಗಳ ಸಾಲಿಗೆ ಗಣಕಯಂತ್ರವೂ ಸೇರಿ ಬಹುಕಾಲವಾಯಿತು. ಒರಳು ಸವೆದರೆ, ಬೀಸುವ ಕಲ್ಲಿನ ಗೂಟ ಸಡಿಲಿದರೆ ಕಣ್ಣಿಗೆ ಕಾಣುತ್ತಿತ್ತು. ಈ ಯಂತ್ರವು ಕೆಟ್ಟರೆ ಎಲ್ಲಿ ಕೆಟ್ಟಿತೆಂಬುದು ಹೊರಗಿನಿಂದ ಗೋಚರವಾಗುವುದಿಲ್ಲ. ನಿನ್ನೆ ರಾತ್ರಿ ಸುಖವಾಗಿ ನಡೆಯುತ್ತಿದ್ದುದು ಇಂದು ಬೆಳಗ್ಗೆ ಗುಂಡಿಯನ್ನೊತ್ತಿದರೆ ಏಳುವುದಿಲ್ಲ. ತೆರೆಯು ಕಾಡಿಗೆಯಂತೆ ಕಪ್ಪಾಗಿರುತ್ತದೆ. ಒಡನೆಯೇ ಮನೆಯಲ್ಲಿ 'ಕಂಪ್ಯೂಟರು ಸತ್ತುಹೋಯಿತು' ಎಂಬ ಉದ್ಗಾರವೇಳುತ್ತದೆ. ಹತ್ತು ನಿಮಿಷಗಳೊಳಗಾಗಿ ರಿಪೇರಿಯ ಅಂಗಡಿಗೆ ಸಮಾಚಾರ ಹೋಗಿರುತ್ತದೆ.

ಮರಣವನ್ನು ಇಷ್ಟು ಅವಸರದಿಂದ ನಿಶ್ಚಯಿಸುವುದು ಯುಕ್ತವಲ್ಲ. ತರ್ಕಶಾಸ್ತ್ರದಲ್ಲಿ ಸವ್ಯಭಿಚಾರವೆಂಬ ಒಂದು ಹೇತ್ವಾಭಾಸವನ್ನು ಹೇಳುತ್ತಾರೆ. ಯಾವ ಗುರುತು ನಾವು ಸಾಧಿಸಬೇಕಾದ ಸಂಗತಿ ಇರುವಲ್ಲಿಯೂ ಇಲ್ಲದಿರುವಲ್ಲಿಯೂ ಕಾಣಿಸಿಕೊಳ್ಳುವುದೋ ಆ ಗುರುತಿನಿಂದ ಏನನ್ನೂ ಸಾಧಿಸಲಾಗದು. ಕಪ್ಪು ತೆರೆಯು ಅಂಥ ಗುರುತು. ವಿದ್ಯುತ್ತೇ ಬಾರದಿದ್ದರೂ ತೆರೆ ಕಪ್ಪು. ಯಂತ್ರವು ಒಳಗೆ ಸ್ವಸ್ಥವಾಗಿದ್ದು ಮಾನಿಟರಿನ ಕೇಬಲ್ಲೊಂದು ಸಡಿಲವಾಗಿದ್ದರೂ ತೆರೆ ಕಪ್ಪು. ಆದುದರಿಂದ ತೆರೆಯನ್ನು ಬಿಟ್ಟು ಬೇರೆ ಗುರುತುಗಳನ್ನು ನೋಡಬೇಕು. ರೂಢಿಯಲ್ಲಿ ಸಿ.ಪಿ.ಯು. ಎಂದು ಕರೆಯುವ ಪೆಟ್ಟಿಗೆಯ ದೀಪ ಹೊತ್ತಿತೆ? ಒಳಗಿನ ಫ್ಯಾನು ತಿರುಗಿತೆ? ಏನಾದರೂ ಶಬ್ದ ಬಂದಿತೆ? ಅಕ್ಷರ ಮೂಡಿದ್ದರೆ ಏನೆಂದು ಮೂಡಿತು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ತಿಳಿದಿದ್ದರೆ ರೋಗವು ಅರ್ಧ ಗೊತ್ತಾದಂತೆಯೇ.

ಗುಂಡಿಯನ್ನೊತ್ತಿದ ಬಳಿಕ ಒಳಗೆ ನಡೆಯುವುದೇನೆಂಬುದು ಸ್ವಾರಸ್ಯವಾದ ವಿಷಯ. ಯಂತ್ರವು ಮಾಡತಕ್ಕ ಕೆಲಸವೆಲ್ಲವೂ ಡಿಸ್ಕಿನಲ್ಲಿ ಬರೆದಿಟ್ಟ ಆದೇಶಗಳ ಪ್ರಕಾರ ನಡೆಯತಕ್ಕುದು. ಆದರೆ ಡಿಸ್ಕನ್ನು ಓದು ಎಂಬುದೂ ಒಂದು ಆದೇಶವೇ ಅಲ್ಲವೆ? ಅದೂ ಡಿಸ್ಕಿನಲ್ಲಿಯೇ ಇದ್ದರೆ ಅದನ್ನು ಓದುವವರಾರು? ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತಾಯಿತು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲಕ್ಕೆತ್ತಿಕೊಳ್ಳುವುದೆಂದು ಇಂಗ್ಲಿಷಿನಲ್ಲಿ ಒಂದು ವಿನೋದದ ಮಾತುಂಟು. ಈ ಕ್ರಿಯೆಗೆ 'ಬೂಟ್' ಎಂಬ ಹೆಸರು ಬಂದುದು ಅದರಿಂದಲೇ. ಪಾದರಕ್ಷೆಗೂ ಗಣಕಕ್ಕೂ ಬೇರೆ ಬಾಂಧವ್ಯವಿಲ್ಲ. ಈ ತೊಡಕಿಗೆ ಶಿಲ್ಪಿಗಳು ಕಂಡುಕೊಂಡ ಪರಿಹಾರವೇನೆಂದರೆ, ಮೊದಲ ಕೆಲವು ಆದೇಶಗಳನ್ನು ಮಾತ್ರ ಮದರ್‌ಬೋರ್ಡಿನ ಒಂದು ಸಣ್ಣ ಚಿಪ್ಪಿನಲ್ಲಿ, ವಿದ್ಯುತ್ತು ಹೋದರೂ ಅಳಿಯದಂತೆ ಬರೆದಿಡುವುದು. ಯಂತ್ರವು ಎದ್ದೊಡನೆ ಆ ಆದೇಶಗಳಂತೆ ತನ್ನ ಅವಯವಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತದೆ. ಜಪಕ್ಕೆ ಕುಳಿತವರು ಅಂಗನ್ಯಾಸ ಮಾಡುವರಲ್ಲ, ಹಾಗೆ. ಅನಂತರವೇ ಡಿಸ್ಕನ್ನು ಹುಡುಕುವುದು. 1981ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರು ಈ ಪರೀಕ್ಷೆ ಸುಗಮವಾದರೆ ಒಂದು ಸಾರಿ 'ಬೀಪ್' ಎಂದು ಕೂಗುತ್ತಿತ್ತು. ಈಗಿನ ಎಷ್ಟೋ ಯಂತ್ರಗಳಿಗೆ ಆ ಕಂಠವೇ ಇಲ್ಲ. ಇದು ನನಗೆ ಅಭಿವೃದ್ಧಿಯಾಗಿ ತೋರುವುದಿಲ್ಲ.

ಹೀಗೆ ಮೊದಲು ವಿದ್ಯುತ್ತು, ಆಮೇಲೆ ಪರೀಕ್ಷೆ, ಕಡೆಗೆ ಡಿಸ್ಕು. ಚಿಕಿತ್ಸೆಯೂ ಇದೇ ಕ್ರಮದಲ್ಲಿ ಸಾಗತಕ್ಕದ್ದು.

ದೀಪವೂ ಇಲ್ಲ, ಫ್ಯಾನೂ ಇಲ್ಲ ಎಂದಾದರೆ ಗೋಡೆಯಿಂದ ಪ್ರಾರಂಭಿಸಬೇಕು. ಅದೇ ಪ್ಲಗ್ಗಿಗೆ ಮೇಜಿನ ದೀಪವನ್ನು ಸಿಕ್ಕಿಸಿ ನೋಡಿರಿ. ಅದು ಹೊತ್ತಿದರೆ ಮುಂದಿನದು ಯು.ಪಿ.ಎಸ್. ನಮ್ಮ ಮನೆಗಳಲ್ಲಿ ಅಪರಾಧವು ಬಹುಪಾಲು ಇಲ್ಲಿಯೇ ಸಿಕ್ಕುವುದು. ಅದರೊಳಗಿನ 12 ವೋಲ್ಟಿನ ಬ್ಯಾಟರಿಗೆ ಆಯುಸ್ಸು ಸಾಮಾನ್ಯವಾಗಿ ಎರಡು ಮೂರು ವರ್ಷ. ಅದು ಬಲಗುಂದಿದರೆ ಕೆಲವು ಯು.ಪಿ.ಎಸ್.ಗಳು ತಾವೇ ಏಳುವುದಿಲ್ಲ. ಅದನ್ನು ಬಿಟ್ಟು ಯಂತ್ರವನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸೇರಿಸಿ ನೋಡತಕ್ಕದ್ದು. ಒಂದು ವಸ್ತುವನ್ನು ಸೇರಿಸಿದಾಗ ದೋಷವುಂಟು, ತೆಗೆದಾಗ ದೋಷವಿಲ್ಲ ಎಂದಾದರೆ ದೋಷವು ಅದರದೇ. ಅನ್ವಯ ವ್ಯತಿರೇಕವೆಂದು ಇದಕ್ಕೇ ಹೆಸರು. ಆದರೆ ಒಂದು ಸಾರಿಗೆ ಒಂದನ್ನು ಮಾತ್ರ ಬದಲಾಯಿಸಬೇಕು. ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಯಂತ್ರ ಎದ್ದರೂ ಯಾವುದರಿಂದ ಎದ್ದಿತೆಂಬುದು ತಿಳಿಯದು. ಪೆಟ್ಟಿಗೆಯ ಬೆನ್ನಿನಲ್ಲಿ ಗೀಟು ಮತ್ತು ಸೊನ್ನೆಯ ಗುರುತುಳ್ಳ ಚಿಕ್ಕ ಸ್ವಿಚ್ಚಿರುತ್ತದೆ. ಗೀಟಿನ ಕಡೆ ಒತ್ತಿದ್ದರೆ ವಿದ್ಯುತ್ತು ಒಳಗೆ ಬರುತ್ತದೆ. ಕಸಪೊರಕೆ ತಗುಲಿ ಸೊನ್ನೆಗೆ ಬಿದ್ದಿರುವುದೂ ಉಂಟು.

ಇಷ್ಟಾದರೂ ಏಳದಿದ್ದರೆ ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಸಿಕ್ಕಿಸಿರಿ. ಒಳಗೆ ಉಳಿದ ವಿದ್ಯುತ್ತು ಬರಿದಾಗಿ ಕೆಲವು ವೇಳೆ ಯಂತ್ರವು ಏನೂ ಆಗಿಲ್ಲವೆಂಬಂತೆ ಏಳುತ್ತದೆ. ಅದಕ್ಕೂ ಜಗ್ಗದಿದ್ದರೆ ಸಂಶಯವು ಎಸ್.ಎಂ.ಪಿ.ಎಸ್. ಎಂಬ ಲೋಹದ ಡಬ್ಬಿಯ ಮೇಲೆ ಬೀಳುತ್ತದೆ. ಮನೆಯ 230 ವೋಲ್ಟನ್ನು 12, 5, 3.3 ವೋಲ್ಟುಗಳಾಗಿ ಇಳಿಸಿ ಹಂಚುವುದು ಇದರ ಕೆಲಸ. ಈ ಡಬ್ಬಿಯನ್ನು ಮಾತ್ರ ಮನೆಯವರು ಯಾರೂ ಬಿಚ್ಚಕೂಡದು. ಪ್ಲಗ್ಗು ಕಿತ್ತ ಮೇಲೆಯೂ ಅದರ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಸ್ವಲ್ಪ ಕಾಲ ನಿಂತಿರಬಹುದು. ಅದನ್ನು ಇಡಿಯಾಗಿ ಬದಲಾಯಿಸುವುದೇ ಕ್ಷೇಮ.

ಫ್ಯಾನು ತಿರುಗುತ್ತಿದೆ, ತೆರೆ ಮಾತ್ರ ಕಪ್ಪು ಎಂದರೆ ಮಾನಿಟರಿನ ಸ್ವಂತ ದೀಪವನ್ನೂ ಕೇಬಲ್ಲಿನ ಎರಡು ಕೊನೆಗಳನ್ನೂ ನೋಡಿರಿ. ಅವು ಸರಿಯಾಗಿದ್ದರೆ ಮುಂದಿನ ಸಂಶಯ ರ್‍ಯಾಮಿನ ಮೇಲೆ. ಮಲೆನಾಡು, ಕರಾವಳಿಗಳ ತೇವದಲ್ಲಿ ಅದರ ಅಂಚಿನ ಸಂಪರ್ಕಗಳು ಮಾಸುತ್ತವೆ. ಪ್ಲಗ್ಗು ಕಿತ್ತು, ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ, ಎರಡು ಕೊನೆಗಳ ಕೊಕ್ಕೆಗಳನ್ನು ಸಡಿಲಿಸಿ, ರ್‍ಯಾಮನ್ನು ತೆಗೆದು, ಸಂಪರ್ಕಗಳನ್ನು ಹುಡುಗರ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ, 'ಟಕ್' ಎಂಬಂತೆ ಮರಳಿ ಕೂರಿಸಬೇಕು. ಎದ್ದು ಸ್ವಲ್ಪ ಹೊತ್ತಿಗೆ ತಾನಾಗಿ ಆರಿಹೋಗುವ ಯಂತ್ರದಲ್ಲಿ ತಾಪವನ್ನೂ ಫ್ಯಾನಿಗಂಟಿದ ಧೂಳನ್ನೂ ಶಂಕಿಸಬಹುದು.

ಇನ್ನು ಡಿಸ್ಕಿನ ಮಾತು. ನಾನು ಈ ತಿಂಗಳು ಲೇಖನಿಯನ್ನು ಹಿಡಿದುದು ಇದಕ್ಕಾಗಿಯೇ.

ಹಿಂದಿನ ಆಷಾಢದಲ್ಲಿ ಗಾಳಿಮಳೆಗೆ ನಮ್ಮ ಬೀದಿಯಲ್ಲಿ ಒಂದು ಹಗಲು ಒಂದು ರಾತ್ರಿ ವಿದ್ಯುತ್ತು ನಿಂತಿತ್ತು. ಮರುದಿನ ಎದುರುಮನೆಯ ವೃದ್ಧ ತಾಯಿಯೊಬ್ಬರು ಬಂದರು. ಅವರ ಯಜಮಾನರು ತೀರಿಕೊಂಡು ನಾಲ್ಕು ವರ್ಷಗಳಾಗಿದ್ದುವು. ಗಣಕವು ಯಜಮಾನರು ಕೊಂಡುದೇ. ಫ್ಯಾನು ತಿರುಗುತ್ತಿತ್ತು, ತೆರೆಯೂ ಬೆಳಗಿತ್ತು. ಆದರೆ ಬೂಟ್ ಮಾಡಲು ಡಿಸ್ಕು ಸಿಕ್ಕಲಿಲ್ಲವೆಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯದ ಮೇಲೆ ನಿಂತುಬಿಟ್ಟಿತ್ತು. ರಿಪೇರಿಗೆ ಬಂದ ಯುವಕನು ಕಾಲು ಗಂಟೆ ನೋಡಿ, ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಬಿಡುವೆನೆಂದನಂತೆ.

“ಫಾರ್ಮ್ಯಾಟ್ ಎಂದರೇನು ಮೇಷ್ಟ್ರೇ? ಅದರಲ್ಲಿ ನಮ್ಮವರು ಹಾಡಿದ ದೇವರನಾಮಗಳಿವೆ. ಬೇರೆಲ್ಲಿಯೂ ಇಲ್ಲ.”

“ಹಲಗೆಯನ್ನು ಒರೆಸಿ ಹೊಸದಾಗಿ ಗೀಟು ಹಾಕುವುದು ತಾಯಿ. ಒಪ್ಪಬೇಡಿ.”

“ನಾಳೆ ಬೆಳಗ್ಗೆ ಬರುತ್ತಾನಲ್ಲ.”

“ಹಾಡುಗಳನ್ನು ನಕಲು ಮಾಡಿಕೊಂಡ ಹೊರತು ಡಿಸ್ಕನ್ನು ಮುಟ್ಟಕೂಡದೆಂದು ಹೇಳಿರಿ.”

ಆ ಸಂಜೆ ಇಂಜಿನಿಯರಿಂಗ್ ಓದುತ್ತಿರುವ ಅವರ ತಂಗಿಯ ಮಗನು ಬಂದು, ಯಂತ್ರದ ಸೆಟಪ್ಪಿನ ಪುಟವನ್ನು ತೆರೆದು ಮೊದಲು ತಾರೀಕನ್ನು ನೋಡಿದನು. ವರ್ಷವು 2009 ಎಂದಿತ್ತು! ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ 3 ವೋಲ್ಟಿನ ಒಂದು ಬಿಲ್ಲೆಯಿರುತ್ತದೆ, ಅಂಗಡಿಯಲ್ಲಿ ಸಿ.ಆರ್. 2032 ಎಂದು ಕೇಳಬೇಕು. ಗಡಿಯಾರವನ್ನು ನಡೆಸುವುದೂ, ಹಳೆಯ ಯಂತ್ರಗಳಲ್ಲಿ ಯಾವ ಡಿಸ್ಕನ್ನು ಹೇಗೆ ಓದಬೇಕೆಂಬ ಸೆಟ್ಟಿಂಗುಗಳನ್ನು ನೆನಪಿನಲ್ಲಿರಿಸುವುದೂ ಇದರ ಬಲದಿಂದ. ಬಿಲ್ಲೆಯು ಎಂದೋ ಬರಿದಾಗಿತ್ತು. ಪ್ಲಗ್ಗಿನಲ್ಲಿ ವಿದ್ಯುತ್ತಿದ್ದಷ್ಟು ದಿನವೂ ಯಂತ್ರವು ಅದರ ಆಶ್ರಯದಲ್ಲಿ ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು. ಅದೂ ತಪ್ಪಿದ ಆ ರಾತ್ರಿ ಮರೆಯಿತು. ಡಿಸ್ಕಿಗೆ ಏನೂ ಆಗಿರಲಿಲ್ಲ. ಹೊಸ ಬಿಲ್ಲೆ ಹಾಕಿ, ಸೆಟ್ಟಿಂಗನ್ನು ಸರಿಪಡಿಸಿದೊಡನೆ ವಿಂಡೋಸ್ ಎದ್ದಿತು. ಹುಡುಗನು ಒಂದು ಹಾಡನ್ನು ಹಾಕಿದನು. ಆಕೆ ಅಡಿಗೆಮನೆಯಲ್ಲಿದ್ದರು. ಹಾಡು ಮುಗಿಯುವವರೆಗೂ ಹೊರಗೆ ಬರಲಿಲ್ಲ. ಆ ರಾತ್ರಿಯೇ ಎರಡು ಪ್ರತಿಗಳಾದುವು.

ಎಲ್ಲ ಪ್ರಸಂಗಗಳೂ ಇಷ್ಟು ಸುಲಭವಲ್ಲ. ಆದರೂ ಯಂತ್ರ ಬೇರೆ, ಡಿಸ್ಕು ಬೇರೆ. ಎಸ್.ಎಂ.ಪಿ.ಎಸ್. ಸುಟ್ಟರೂ ಮದರ್‌ಬೋರ್ಡು ಹಾಳಾದರೂ ಡಿಸ್ಕನ್ನು ಬಿಚ್ಚಿ ಮತ್ತೊಂದು ಯಂತ್ರಕ್ಕೆ ಸೇರಿಸಿ ಬಹುಮಟ್ಟಿಗೆ ಓದಿಕೊಳ್ಳಬಹುದು. ಹೊಸ ಯಂತ್ರಗಳು ಕೆಲವು ಡಿಸ್ಕಿನ ಬರಹವನ್ನು ಗೂಢಲಿಪಿಯಲ್ಲಿ ಇಡುತ್ತವೆ. ವಿಂಡೋಸ್ ಆದರೆ ಅಂಥಲ್ಲಿ 48 ಅಂಕಿಗಳ ಒಂದು ಕೀಲಿಯನ್ನು ಕೇಳಬಹುದು. ಯಂತ್ರವು ಚೆನ್ನಾಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದು ಆಸ್ತಿಯ ಪತ್ರಗಳೊಡನೆ ಇಡಿರಿ. ಡಿಸ್ಕಿನಿಂದಲೇ 'ಟಿಕ್ ಟಿಕ್' ಎಂಬ ಶಬ್ದ ಬರುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಗುಂಡಿಯನ್ನೊತ್ತದೆ ಆ ಕ್ಷಣವೇ ಆರಿಸತಕ್ಕದ್ದು. ಪ್ರತಿ ಪ್ರಯತ್ನದಿಂದಲೂ ಒಳಗಿನ ತಟ್ಟೆಗೆ ಗೀರು ಬೀಳುವ ಭಯವುಂಟು.

ಹೊಸ ಯಂತ್ರವನ್ನು ಕೊಂಡು ಹಳೆಯದನ್ನು ಅಂಗಡಿಗೆ ಕೊಡುವವರು ಡಿಸ್ಕನ್ನು ಬಿಚ್ಚಿಸಿಕೊಂಡು ಮನೆಗೆ ತನ್ನಿರಿ. ಬಟ್ಟೆಯಲ್ಲಿ ಸುತ್ತಿ, ಮೇಲೆ ಯಾರ ಡಿಸ್ಕು, ಯಾವ ವರ್ಷದ್ದು ಎಂದು ಚೀಟಿ ಅಂಟಿಸಿ ಬೀರುವಿನಲ್ಲಿಡಿರಿ.