ಸುಲಭದ ಹಾಡು ಯಾವುದು?

ಹೋದ ಮಳೆಗಾಲದಲ್ಲಿ ನಮ್ಮೂರು ಬಿಸಿಲೆಗೆ ಹೋಗಿದ್ದೆ. ಹೆಸರಲ್ಲಷ್ಟೇ ಬಿಸಿಲು ನೋಡಿ, ಜೂನ್ ಶುರುವಾದರೆ ಆಕಾಶ ಕಾಣುವುದೇ ಅಪರೂಪ. ಜಗಲಿಯ ಗೋಡೆಯ ಮೊಳೆಗೆ ಒಂದು ಗಿಟಾರ್ ನೇತು ಹಾಕಿತ್ತು. ಅಕ್ಕನ ಮಗನದ್ದು. ಎಸ್ಸೆಸ್ಸೆಲ್ಸಿ ಮುಗಿಸಿದ ಖುಷಿಗೆ ಹಟ ಹಿಡಿದು ಕೊಡಿಸಿಕೊಂಡಿದ್ದ. ಮುಟ್ಟಿ ನೋಡಿದರೆ ತಂತಿಯೆಲ್ಲ ತುಕ್ಕು.

"ಯಾಕೋ, ಬಿಟ್ಟೇಬಿಟ್ಯಾ?" ಅಂದೆ.

"ನಂಗೆ ಸಂಗೀತ ಬರಲ್ಲ ಬಿಡು ಮಾವ. ಸುಲಭದ ಹಾಡೇ ಬರ್ಲಿಲ್ಲ, ಇನ್ನು ಕಷ್ಟದ್ದೇನು ಬರುತ್ತೆ?" ಅಂದ.

ಹದಿನಾರು ವರ್ಷದ ಹುಡುಗ ಇಷ್ಟು ಬೇಗ ಹೀಗೆ ತೀರ್ಮಾನಕ್ಕೆ ಬಂದುಬಿಟ್ಟನಲ್ಲ ಅಂತ ಬೇಜಾರಾಯಿತು. ಯಾವುದಪ್ಪಾ ಆ ಸುಲಭದ ಹಾಡು ಅಂತ ಕೇಳಿದೆ. ಮೊಬೈಲಿನಲ್ಲಿ ತೋರಿಸಿದ. ಬಾಬ್ ಡೈಲನ್ 1973ರಲ್ಲಿ ಹಾಡಿದ 'ನಾಕಿಂಗ್ ಆನ್ ಹೆವನ್ಸ್ ಡೋರ್'. ಜಿ, ಡಿ, ಎ ಮೈನರ್, ಸಿ ಅಂತ ನಾಲ್ಕೇ ಕಾರ್ಡು, ಅವೇ ಕೊನೆಯ ತನಕ ತಿರುಗಿ ತಿರುಗಿ ಬರುತ್ತವೆ. ಬೆರಳಿಗೆ ನಿಜಕ್ಕೂ ಸುಲಭ, ಸುಳ್ಳಲ್ಲ. ಆದರೆ ನಮ್ಮ ಹುಡುಗ ಆ ಹಾಡನ್ನು ಜೀವನದಲ್ಲಿ ಕೇಳಿದ್ದೇ ಎರಡು ಸಲ!

ಇಲ್ಲೇ ತಪ್ಪಾಗುತ್ತಿರುವುದು ಅನ್ನೋದು ನನ್ನ ಅಭಿಪ್ರಾಯ. ಹೊಸಬನೊಬ್ಬ ಗಿಟಾರ್ ಹಿಡಿದು ಹಾಡಬೇಕಾದರೆ ನಾಲ್ಕು ಕೆಲಸ ಒಟ್ಟಿಗೆ ಆಗಬೇಕು. ಎಡಗೈ ಕಾರ್ಡು ಹಿಡಿಯಬೇಕು, ಬಲಗೈ ತಾಳ ತಪ್ಪದೆ ಮೀಟಬೇಕು, ಬಾಯಿಗೆ ರಾಗ ಬರಬೇಕು, ಸಾಹಿತ್ಯ ನೆನಪಿರಬೇಕು. ಗೊತ್ತಿಲ್ಲದ ಹಾಡಾದರೆ ನಾಲ್ಕೂ ಹೊಸದು. ಬಾಯಿಪಾಠ ಇರುವ ಹಾಡಾದರೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಕಾರ್ಡು ಎಷ್ಟಿವೆ ಅಂತ ಎಣಿಸಿ ಸುಲಭ, ಕಷ್ಟ ಅಂತ ಹೇಳುವುದು ಅರ್ಧ ಲೆಕ್ಕ. ನಿದ್ದೆಯಿಂದ ಎಬ್ಬಿಸಿದರೂ ಹೇಳಬಲ್ಲ ಹಾಡೇ ಸುಲಭದ ಹಾಡು.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡೇ. ಬೆಂಗಳೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ಗಿಟಾರ್ ತಿರುವಿ, ಹದಿನೈದು ಹಾಡಿನ ಶುರುವಿನ ತುಣುಕು ಮಾತ್ರ ಕಲಿತು ಊರಿಗೆ ಬಂದಿದ್ದೆ. ಅಪ್ಪ ಎದುರಿಗೆ ಕೂತು "ಒಂದು ಹಾಡು ಹೇಳೋ, ಕೇಳಣ" ಅಂದರು. ಒಂದು ತುಣುಕು ನುಡಿಸಿದೆ. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಅಪ್ಪ ತಾಳ್ಮೆಯಿಂದ ಕೇಳಿ, "ಚೆನ್ನಾಗೈತೆ. ಹಾಡು ಯಾವಾಗ ಶುರುವಾಗ್ತದೆ?" ಅಂದರು :-)

ಈಗ ಅಪ್ಪನ ಭಜನೆಯ ವಿಷಯಕ್ಕೆ ಬರುತ್ತೇನೆ. ನಮ್ಮೂರಲ್ಲಿ ಶನಿವಾರ ಸಂಜೆ ಭಜನೆ ನಡೆಯುತ್ತದೆ. ಮೊದಲು ಹದಿನೈದು ಜನ ಇರುತ್ತಿದ್ದರು. ಕೆಲವರು ಮಕ್ಕಳ ಹಿಂದೆ ಪೇಟೆ ಸೇರಿದರು, ಕೆಲವರಿಗೆ ಕತ್ತಲಾದ ಮೇಲೆ ಆನೆ ಭಯ. ಹಾರ್ಮೋನಿಯಂ ಹಿಡಿಯುತ್ತಿದ್ದವರೂ ಬೆಂಗಳೂರಿಗೆ ಹೋದ ಮೇಲೆ ಉಳಿದ ಐದಾರು ಜನ ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಹಾಡತೊಡಗಿದ್ದರು. "ಹಿಂಗಾದ್ರೆ ನಿಲ್ಲಿಸಿಬಿಡಣ" ಅನ್ನುವ ಮಾತೂ ಬಂದಿತ್ತಂತೆ. ಮೊಬೈಲಿನಲ್ಲಿ ತಂಬೂರಿ ಹಾಕಿ ನೋಡಿದ್ದರು. ಮಳೆಗಾಲದಲ್ಲಿ ಕರೆಂಟಿಲ್ಲದೆ ಮೂರು ದಿನವಾದರೆ ಮೊಬೈಲೂ ಸತ್ತಿರುತ್ತದೆ.

ನನ್ನ ಬ್ಯಾಗಿನಲ್ಲಿ ಒಂದು ಸೆಟ್ ಹೊಸ ತಂತಿ ಇತ್ತು. ಹಾಕಿದೆ. ಶನಿವಾರ ಹುಡುಗನನ್ನು ಎಳೆದುಕೊಂಡು ಹೋಗಿ ಅಜ್ಜನ ಪಕ್ಕದಲ್ಲೇ ಕೂರಿಸಿದೆ. "ಎಡಗೈ ಮರೆತುಬಿಡು. ಹೆಬ್ಬೆರಳಲ್ಲಿ ಐದನೇ ತಂತಿ, ನಾಲ್ಕನೇ ತಂತಿ, ಎರಡನ್ನೇ ಮೀಟ್ತಾ ಇರು" ಅಂದೆ.

ಗಿಟಾರಿನ ನಾಲ್ಕನೇ ತಂತಿ ಡಿ, ಐದನೆಯದು ಎ. ಡಿಯನ್ನು ಷಡ್ಜ ಅಂತ ಇಟ್ಟುಕೊಂಡರೆ ಎ ಅದರ ಕೆಳಗಿನ ಪಂಚಮ. ಅಂದರೆ ಬೆರಳೇ ಒತ್ತದೆ ಸ, ಪ ಎರಡೂ ಕೈಯಲ್ಲಿದೆ! ಹಾರ್ಮೋನಿಯಂನವರು ಬಿಳಿ ಎರಡು ಅನ್ನುವ ಶ್ರುತಿ ಇದು, ಎಷ್ಟೋ ಗಂಡಸರ ಕಂಠಕ್ಕೆ ಒಗ್ಗುತ್ತದೆ. ಏಕತಾರಿ ಹಿಡಿದು ತತ್ತ್ವಪದ ಹಾಡುವವರು ಒಂದೇ ತಂತಿಯಲ್ಲಿ ಇಡೀ ರಾತ್ರಿ ಕಳೆಯುತ್ತಾರೆ. ನಮಗೆ ಎರಡು ಸಾಲದೇ?

ಹುಡುಗ ತೊಡೆಯ ಮೇಲೆ ಕೂತ ಕಾಲದಿಂದ ಕೇಳಿದ ಭಜನೆಗಳು. ಮೊದಲ ಹಾಡು ಎಲ್ಲೂ ನಿಲ್ಲಿಸದೆ ನುಡಿಸಿದ. ಅವನು ಗಿಟಾರಿನಲ್ಲಿ ಕೊನೆಯ ತನಕ ಮುಟ್ಟಿಸಿದ ಮೊದಲ ಹಾಡು ಅದು. ಅಪ್ಪ ಚರಣದ ನಡುವೆ ಉಸಿರಿಗೆ ನಿಂತರೆ ಅವನೂ ಕಾಯುತ್ತಿದ್ದ. ಮೊಬೈಲಿನ ತಂಬೂರಿ ಹಾಗೆ ಕಾಯುತ್ತದೆಯೇ?

ಮಾರನೇ ದಿನ ಡಿ ಮತ್ತು ಎ ಕಾರ್ಡು ತೋರಿಸಿದೆ. ಮೂರು ಮೂರೇ ಬೆರಳು. ಇದಕ್ಕೊಂದು ಸರಳ ಸೂತ್ರವಿದೆ. ಹಾಡು ಸ, ಗ, ಪ ಮೇಲೆ ನಿಂತಾಗ ಡಿ. ಪ, ನಿ, ರಿ ಕಡೆ ಹೋದಾಗ ಎ. ಮ, ದ ಹಿಡಿದಾಗ ಜಿ. ಶಂಕರಾಭರಣದಂಥ ಸ್ವರಗಳಲ್ಲಿರುವ ಸರಳ ಧಾಟಿಗಳಿಗೆ ಬಹುಮಟ್ಟಿಗೆ ಈ ಮೂರು ಸಾಕು. ಅವನಿಗೆ ಸೂತ್ರವೂ ಬೇಕಾಗಲಿಲ್ಲ. "ಇಲ್ಲಿ ಬದಲಾಯಿಸ್ಬೇಕು ಅಲ್ವಾ ಮಾವ?" ಅಂತ ತಾನೇ ಕೇಳಿದ. ಗೊತ್ತಿರುವ ಹಾಡಿನಲ್ಲಿ ಕಿವಿಯೇ ಮೇಷ್ಟ್ರು.

ಎಲ್ಲ ಹಾಡಿಗೂ ಕಾರ್ಡು ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ತೋಡಿಯಂಥ ರಾಗಕ್ಕೆ ಕಾರ್ಡು ಹಾಕಿದರೆ ಗಮಕದ ಕತ್ತು ಹಿಸುಕಿದ ಹಾಗೆ. ಅಲ್ಲಿ ಸುಮ್ಮನೆ ಸ, ಪ ಮೀಟಿಕೊಂಡಿರುವುದೇ ವಾಸಿ. ಇಂಗ್ಲಿಷ್ ಹಾಡು ಬೇಡ ಅಂತಲೂ ಅಲ್ಲ. ಡೈಲನ್ ಹಾಡುಗಳೊಂದಿಗೇ ಬೆಳೆದ ಮನೆಯ ಹುಡುಗನಿಗೆ ಅದೇ ಸುಲಭ. ಇನ್ನು, ಗಿಟಾರಿಗೂ ನಮ್ಮ ಪದಗಳಿಗೂ ಏನು ಸಂಬಂಧ ಅನ್ನುವವರಿಗೆ ಒಂದು ಮಾತು. ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳನ್ನು ಸಿ. ಅಶ್ವತ್ಥ್ 1990ರ 'ಸಂತ ಶಿಶುನಾಳ ಷರೀಫ' ಚಿತ್ರದಲ್ಲಿ ಒಂದು ರೀತಿ ಕೇಳಿಸಿದರು, ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗಿಟಾರ್ ಹಿಡಿದು ಇನ್ನೊಂದು ರೀತಿ ಕೇಳಿಸಿದರು. ಪದಕ್ಕೇನೂ ಕುಂದಾಗಲಿಲ್ಲ.

ಮಲೆನಾಡಿನ ಹೊಸಬರಿಗೆ ಇನ್ನೊಂದು ಕಿವಿಮಾತು. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಬೆರಳು ಇನ್ನಷ್ಟು ನೋಯುತ್ತದೆ. ಜುಲೈನಲ್ಲಿ ಕಾರ್ಡು ಸರಿಯಾಗಿ ಕೇಳದಿದ್ದರೆ ಎಲ್ಲ ತಪ್ಪೂ ನಿಮ್ಮದಲ್ಲ. ಹೊರಗೋಡೆಗೆ ನೇತು ಹಾಕಬೇಡಿ. ನುಡಿಸಿದ ಮೇಲೆ ತಂತಿ ಒರೆಸಿ, ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ತೇವ ಅಂತ ಹೆದರಿ ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಏರಿಸಬೇಡಿ, ಕಾವಿಗೆ ಅಂಟು ಬಿಡುತ್ತದೆ.

ಮೊನ್ನೆ ಶನಿವಾರ ಹುಡುಗ ಫೋನ್ ಮಾಡಿದ್ದ. "ಮಾವ, ಅಜ್ಜಂಗೆ ಗಂಟಲು ಕಟ್ಟೈತೆ, ಶ್ರುತಿ ಇಳ್ಸು ಅಂತಿದ್ದಾರೆ. ಏನ್ ಮಾಡ್ಲಿ?"

ಆರೂ ತಂತಿಯನ್ನು ಅರ್ಧರ್ಧ ಸ್ವರ ಸಡಿಲಿಸು ಅಂದೆ. "ಅಷ್ಟೇನಾ? ಸರಿ, ಇಡ್ತೀನಿ, ಎಲ್ರೂ ಕಾಯ್ತಿದ್ದಾರೆ" ಅಂತ ಫೋನ್ ಇಟ್ಟೇಬಿಟ್ಟ. ಸಂಗೀತ ಬರಲ್ಲ ಅಂದಿದ್ದ ಹುಡುಗ!

ನಿಮ್ಮ ಮನೆಯ ಮೊಳೆಯಲ್ಲೂ ಒಂದು ಗಿಟಾರ್ ನೇತಾಡುತ್ತಿದ್ದರೆ ಇಳಿಸಿ. ಮೊಬೈಲಿನಲ್ಲಿ ಸುಲಭದ ಹಾಡು ಹುಡುಕುವ ಮೊದಲು, ಬಟ್ಟೆ ಒಗೆಯುವಾಗ, ಗಾಡಿ ಓಡಿಸುವಾಗ ನಿಮ್ಮ ಬಾಯಲ್ಲಿ ತಾನಾಗೇ ಬರುವ ಹಾಡು ಯಾವುದು ಅಂತ ಒಮ್ಮೆ ಗಮನಿಸಿ. ಅದರಿಂದಲೇ ಶುರು ಮಾಡಿ. ಕೊನೆಯ ಸಾಲಿನ ತನಕ ಹಾಡಿ.